ಒಂದೇ ಕತೆ, ಬೇರೆ ಬೇರೆ ಆಟಗಾರರು: ರೋಲ್‌ಪ್ಲೇ ಗುಂಪಿನಲ್ಲಿ ಎಲ್ಲರ ಶೈಲಿಗೂ ಜಾಗ ಮಾಡುವುದು ಹೇಗೆ?

ಕೋಟೆಯ ಬಾಗಿಲು. ರಾತ್ರಿ ಹೊತ್ತು. ಹೊರಗೆ ಮೂರು ಪಾತ್ರಗಳು ನಿಂತಿವೆ. ಮೊದಲನೆಯ ಆಟಗಾರ್ತಿ ಮೂರು ಪ್ಯಾರಾ ಬರೆಯುತ್ತಾಳೆ. ತನ್ನ ಪಾತ್ರ ಚಿಕ್ಕಂದಿನಲ್ಲಿ ಇದೇ ಬಾಗಿಲಿನಿಂದ ಓಡಿಹೋಗಿದ್ದು, ಈಗ ಚಿಲಕ ಮುಟ್ಟಿದಾಗ ಕೈ ನಡುಗಿದ್ದು, ಎಲ್ಲವೂ ಅದರಲ್ಲಿದೆ. ಎರಡನೆಯವನು ಒಂದೇ ಸಾಲು ಬರೆಯುತ್ತಾನೆ: 'ಕಾವಲುಗಾರನನ್ನು ತಳ್ಳಿ ಒಳಗೆ ನುಗ್ಗಿದೆ.' ಮೂರನೆಯವನು ಕೇಳುತ್ತಾನೆ: 'ತಳ್ಳೋದಕ್ಕೆ ಡೈಸ್ ಹಾಕಬೇಕಲ್ವಾ?'

ರೋಲ್‌ಪ್ಲೇ ಎಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬರೆದೋ ಮಾತಾಡಿಯೋ, ಎಲ್ಲರೂ ಸೇರಿ ಒಂದು ಕತೆ ಕಟ್ಟುವ ಆಟ. ಇವರಲ್ಲಿ ಯಾರೂ ತಪ್ಪು ಆಡುತ್ತಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಮುಖ ಸಿಂಡರಿಸುವುದು ಶುರುವಾಗುತ್ತದೆ. ಅಷ್ಟು ಬರೆದರೂ ಯಾರೂ ಓದಲಿಲ್ಲ ಎಂದು ಒಬ್ಬಳಿಗೆ ಬೇಜಾರು. ಕತೆ ನಿಂತಲ್ಲೇ ನಿಂತಿದೆ ಎಂದು ಇನ್ನೊಬ್ಬನಿಗೆ ಅಸಮಾಧಾನ. ಯಾರು ಏನು ಬೇಕಾದರೂ ಮಾಡಬಹುದಾದರೆ ನಿಯಮ ಯಾಕೆ ಎಂದು ಮತ್ತೊಬ್ಬನ ಪ್ರಶ್ನೆ. ಒಳ್ಳೆಯ ಗುಂಪುಗಳು ಒಡೆಯುವುದು ಹೆಚ್ಚಾಗಿ ಹೀಗೇ. ಕೆಟ್ಟವರು ಬಂದು ಕೆಡಿಸಿದ್ದಕ್ಕಿಂತ, ಒಳ್ಳೆಯವರೇ ತಮಗೆ ಏನು ಬೇಕು ಎಂದು ಬಾಯಿ ಬಿಟ್ಟು ಹೇಳದೆ ಕೆಟ್ಟಿದ್ದು ಜಾಸ್ತಿ.

ಈ ತಿಕ್ಕಾಟ ಹೊಸದಲ್ಲ. ಮೇಜಿನ ಸುತ್ತ ಕೂತು ಡೈಸ್ ಹಾಕಿ ಆಡುವ ರೋಲ್‌ಪ್ಲೇ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂತು. ನಾಲ್ಕು ವರ್ಷ ಕಳೆದು, 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು 'ಮಡ್' ಕಟ್ಟಿದರು. ಬರೀ ಅಕ್ಷರಗಳಲ್ಲೇ ನಡೆಯುವ, ಹಲವರು ಒಟ್ಟಿಗೆ ಸೇರಿ ಆಡುವ ಲೋಕ ಅದು. ಅಂಥ ಲೋಕಗಳಲ್ಲಿ ಆಡುವವರಿಗೆ ನಿಜವಾಗಿ ಏನು ಬೇಕು ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. 1996ರಲ್ಲಿ ಬಾರ್ಟಲ್ ಬರೆದ ಒಂದು ಲೇಖನ ಆಟಗಾರರನ್ನು ನಾಲ್ಕು ಬಗೆಯಾಗಿ ನೋಡಿತು: ಸಾಧಿಸಲು ಬರುವವರು, ಹುಡುಕಾಡಲು ಬರುವವರು, ಜನರ ಜೊತೆ ಬೆರೆಯಲು ಬರುವವರು, ಬೇರೆಯವರ ಮೇಲೆ ಕೈ ಮೇಲು ಮಾಡಲು ಬರುವವರು. ಇವತ್ತು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಗುಂಪುಗಳು ಮಾಡಿಕೊಳ್ಳುವ ಸರ್ವರ್‌ನಲ್ಲೂ, ಅಂದರೆ ಗುಂಪಿನ ಸ್ವಂತ ಜಾಗದಲ್ಲೂ, ಈ ನಾಲ್ವರನ್ನೂ ಗುರುತಿಸಬಹುದು.

ಕೆಳಗಿನ ಹಂತಗಳು ಬರೆದು ಆಡುವವರಿಗೂ ಆಗುತ್ತವೆ, ಧ್ವನಿಯಲ್ಲಿ ಆಡುವವರಿಗೂ ಆಗುತ್ತವೆ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಆದರೆ ಮೊದಲನೆಯದನ್ನು ಬಿಡಬೇಡಿ.

ಹಂತ 1: ನಿಮ್ಮ ರುಚಿ ಯಾವುದು, ಮೊದಲು ಅದನ್ನು ತಿಳಿದುಕೊಳ್ಳಿ

ಬೇರೆಯವರ ಶೈಲಿಯನ್ನು ಗೌರವಿಸಬೇಕಾದರೆ ನಿಮ್ಮದೂ ಒಂದು ಶೈಲಿ ಅಷ್ಟೇ ಎಂದು ಮೊದಲು ಗೊತ್ತಾಗಬೇಕು. ತುಂಬಾ ಜನ ತಾವು ಆಡುವುದನ್ನೇ 'ಸರಿಯಾದ ರೋಲ್‌ಪ್ಲೇ' ಅಂದುಕೊಂಡಿರುತ್ತಾರೆ. ಉಳಿದವರದು ಅದರಿಂದ ತಪ್ಪಿದ್ದು ಎನ್ನುವ ಹಾಗೆ ನೋಡುತ್ತಾರೆ.

ಇತ್ತೀಚೆಗೆ ನಿಮಗೆ ತುಂಬಾ ಖುಷಿ ಕೊಟ್ಟ ಒಂದು ದೃಶ್ಯ ನೆನಪು ಮಾಡಿಕೊಳ್ಳಿ. ಆ ಖುಷಿ ಎಲ್ಲಿಂದ ಬಂತು? ಶತ್ರುವನ್ನು ಸೋಲಿಸಿದ್ದರಿಂದಲೋ? ನಿಮ್ಮ ಪಾತ್ರ ಸೋತು ಅತ್ತಿದ್ದರಿಂದಲೋ? ಎದುರಿಗಿದ್ದವರ ಉತ್ತರ ನೀವು ಊಹಿಸಿರದ ಕಡೆ ತಿರುಗಿದ್ದರಿಂದಲೋ? ಅಥವಾ ಕತೆ ಏನಾದರೂ ಇರಲಿ, ನಾಲ್ಕು ಜನ ಒಟ್ಟಿಗೆ ಕೂತು ನಕ್ಕಿದ್ದರಿಂದಲೋ? ಆಮೇಲೆ ಬೇಜಾರು ತಂದ ಒಂದು ದೃಶ್ಯವನ್ನೂ ಹೀಗೇ ಬಿಡಿಸಿ ನೋಡಿ. ಎರಡೂ ಉತ್ತರಗಳನ್ನು ಒಂದು ಕಡೆ ಬರೆದಿಡಿ. ಮುಂದಿನ ಹಂತಗಳಲ್ಲಿ ಕೆಲಸಕ್ಕೆ ಬರುತ್ತವೆ.

ಒಂದು ಎಚ್ಚರ ಇಲ್ಲಿ ಬೇಕು. ನಿಮ್ಮನ್ನಾಗಲಿ ಬೇರೆಯವರನ್ನಾಗಲಿ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ನಿಕ್ ಯೀ ಎಂಬ ಸಂಶೋಧಕರು ಸುಮಾರು 3,000 ಆನ್‌ಲೈನ್ ಆಟಗಾರರನ್ನು ಸಮೀಕ್ಷೆ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧನೆ, ಒಡನಾಟ, ಕತೆಯಲ್ಲಿ ಮುಳುಗುವುದು ಎಂಬ ಮೂರು ದೊಡ್ಡ ಗುಂಪುಗಳು ಅದರಲ್ಲಿ ಕಂಡವು. ಆದರೆ ಒಂದು ಇದ್ದರೆ ಇನ್ನೊಂದು ಇರುವುದಿಲ್ಲ ಎಂದೇನೂ ಇರಲಿಲ್ಲ. ಗೆಲ್ಲುವ ಆಸೆ ಇರುವವರಿಗೆ ಕತೆಯೂ ಬೇಕಿರಬಹುದು. 'ಅವನು ಬರೀ ಹೊಡೆದಾಟಕ್ಕೆ ಬರುವವನು' ಎಂದು ನಾವು ಹಣೆಪಟ್ಟಿ ಹಚ್ಚಿದವರು ಸರಿಯಾದ ಜೊತೆ ಸಿಕ್ಕಾಗ ಎಂಥ ಸೂಕ್ಷ್ಮ ದೃಶ್ಯ ಬರೆಯುತ್ತಾರೆ ಎಂದು ನೋಡಿದವರಿಗೆ ಗೊತ್ತು.

ಹಂತ 2: ವ್ಯತ್ಯಾಸ ಎಲ್ಲೆಲ್ಲಿ ಇರುತ್ತದೆ, ಹೆಸರಿಟ್ಟು ನೋಡಿ

'ನಮ್ಮ ಶೈಲಿ ಹೊಂದೋದಿಲ್ಲ' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವುದು ಹೊಂದುತ್ತಿಲ್ಲ? ಅದನ್ನು ಹೇಳಲು ಬಂದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಉದ್ದ. ಒಂದೇ ಸಾಲಿನಲ್ಲಿ ಪಟಪಟ ಆಡುವವರಿದ್ದಾರೆ, ಒಂದು ಉತ್ತರಕ್ಕೆ ಹತ್ತು ಪ್ಯಾರಾ ಬರೆಯುವವರೂ ಇದ್ದಾರೆ. ಉದ್ದ ಬರೆಯುವವರಿಗೆ ಚಿಕ್ಕ ಉತ್ತರ ಸೋಮಾರಿತನದ ಹಾಗೆ ಕಾಣುತ್ತದೆ. ಚಿಕ್ಕದಾಗಿ ಬರೆಯುವವರಿಗೆ ಉದ್ದ ಉತ್ತರ ದಾರಿಗೆ ಅಡ್ಡ ಬಿದ್ದ ಮರದ ಹಾಗೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಉದ್ದಕ್ಕೂ ಗುಣಮಟ್ಟಕ್ಕೂ ಸಂಬಂಧ ತುಂಬಾ ಕಡಿಮೆ. 'ಅವಳು ಉಂಗುರ ತೆಗೆದು ಮೇಜಿನ ಮೇಲಿಟ್ಟಳು. ತಿರುಗಿ ನೋಡಲಿಲ್ಲ.' ಇಷ್ಟರಲ್ಲೇ ಎದುರಿನವರಿಗೆ ಬೇಕಾದಷ್ಟು ಸಿಕ್ಕಿದೆ. ಅದೇ, ಮೂರು ಪ್ಯಾರಾ ಪೂರ್ತಿ ತನ್ನ ಮನಸ್ಸಿನೊಳಗಿನ ಯೋಚನೆಯನ್ನೇ ಬರೆದರೆ, ಉತ್ತರ ಕೊಡುವವರು ಎಲ್ಲಿ ಹಿಡಿಯಬೇಕು?

ಇನ್ನೊಂದು ವೇಗ. ದಿನಕ್ಕೆ ಇಪ್ಪತ್ತು ಸಲ ಉತ್ತರಿಸುವವರು, ವಾರಕ್ಕೊಮ್ಮೆ ಉತ್ತರಿಸುವವರು ಒಂದೇ ದೃಶ್ಯದಲ್ಲಿದ್ದರೆ ಒಬ್ಬರಿಗೆ ಕಾದು ಕಾದು ಸಾಕಾಗುತ್ತದೆ, ಇನ್ನೊಬ್ಬರಿಗೆ ಯಾರೋ ಬೆನ್ನ ಹಿಂದೆ ನಿಂತ ಹಾಗಾಗುತ್ತದೆ. ಇದು ರುಚಿಯ ಪ್ರಶ್ನೆಗಿಂತ ಬದುಕಿನ ಪ್ರಶ್ನೆ. ಕೆಲಸ, ಮಕ್ಕಳು, ಪರೀಕ್ಷೆ, ಬೇರೆ ಟೈಮ್ ಝೋನ್ ಎಲ್ಲ ಇದರಲ್ಲಿ ಸೇರಿರುತ್ತವೆ.

ಆಮೇಲೆ ನಿಯಮ. ಕೆಲವರಿಗೆ ಡೈಸ್ ಬೇಕು, ಅಂಕಿ ಬೇಕು. ಡೈಸ್ ಬೀಳುವ ತನಕ ಯಾರಿಗೂ ಮುಂದೇನು ಎಂದು ಗೊತ್ತಿರುವುದಿಲ್ಲ, ಮಜಾ ಇರುವುದೇ ಅಲ್ಲಿ. ಇನ್ನು ಕೆಲವರಿಗೆ ಡೈಸ್ ಎಂದರೆ ಕತೆಯ ನಡುವೆ ಬಂದು ಅಡ್ಡ ಮಾಡುವ ವಸ್ತು. ಎರಡು ಪಾತ್ರಗಳ ನಡುವೆ ಯಾರು ಗೆಲ್ಲಬೇಕು ಎಂದು ಅವರು ಮಾತಾಡಿಕೊಂಡೇ ತೀರ್ಮಾನಿಸುತ್ತಾರೆ.

ಗೆಲುವಿನ ಬಗ್ಗೆ ಇರುವ ಮನೋಭಾವ ಎಲ್ಲಕ್ಕಿಂತ ಜಾಸ್ತಿ ಗಲಾಟೆ ತರುತ್ತದೆ. ಅದರಲ್ಲೂ ಪೊಲೀಸ್, ಕಳ್ಳರು, ಗ್ಯಾಂಗುಗಳು ಇರುವ ಧ್ವನಿ ಸರ್ವರ್‌ಗಳಲ್ಲಿ. ಕಳ್ಳನ ಪಾತ್ರ ಮಾಡುವ ಒಬ್ಬರಿಗೆ ಸಿಕ್ಕಿಬೀಳುವುದೂ ಒಳ್ಳೆಯ ಕತೆ. ವಿಚಾರಣೆ, ಸುಳ್ಳು, ಜೈಲಿನಲ್ಲಿ ಹೊಸ ಗೆಳೆತನ ಎಲ್ಲವೂ ಅವರಿಗೆ ಆಟವೇ. ಪಕ್ಕದಲ್ಲಿರುವ ಇನ್ನೊಬ್ಬರಿಗೆ ಸಿಕ್ಕಿಬೀಳುವುದು ಸೋಲು. ಅವರು ಕಡೇ ಗುಂಡಿನ ತನಕ ಹೊಡೆದಾಡುತ್ತಾರೆ. ಅಲ್ಲಿನ ನಿಯಮಗಳಲ್ಲಿ 'ಪ್ರಾಣಕ್ಕೆ ಬೆಲೆ ಕೊಡಿ', 'ಸತ್ತ ಮೇಲೆ ಹಿಂದಿನದು ನೆನಪಿರಬಾರದು' ಎಂಬಂಥವು ಯಾಕಿರುತ್ತವೆ ಅಂದರೆ, ಈ ಎರಡು ಬಗೆಯವರು ಒಂದೇ ಊರಿನಲ್ಲಿ ಬಾಳಬೇಕು.

ಧಾಟಿಯನ್ನೂ ಮರೆಯಬೇಡಿ. ಒಬ್ಬರು ದುಃಖದ ಕತೆ ಬರೆಯುತ್ತಿರುವಾಗ ಇನ್ನೊಬ್ಬರ ಪಾತ್ರ ಕೋಳಿ ಹಿಡಿದುಕೊಂಡು ಬಂದು ತಮಾಷೆ ಶುರು ಮಾಡಿದರೆ ಎರಡೂ ಹಾಳಾಗುತ್ತವೆ. ಆ ತಮಾಷೆ ಬೇರೆ ದೃಶ್ಯದಲ್ಲಾಗಿದ್ದರೆ ಎಲ್ಲರೂ ಖುಷಿಪಡುತ್ತಿದ್ದರು.

ಹಂತ 3: ಸೇರುವ ಮುಂಚೆ ಸುಮ್ನೆ ಸ್ವಲ್ಪ ನೋಡಿ

ನಿಯಮಗಳ ಪುಟ ಓದಿ, ಖಂಡಿತ. ಆದರೆ ಗುಂಪು ನಿಜವಾಗಿ ಹೇಗೆ ಆಡುತ್ತದೆ ಎಂದು ನಿಯಮ ಹೇಳುವುದಿಲ್ಲ, ನಡೆಯುತ್ತಿರುವ ದೃಶ್ಯಗಳು ಹೇಳುತ್ತವೆ. ಎರಡು ಮೂರು ದೃಶ್ಯ ಮೊದಲಿಂದ ಕೊನೆತನಕ ಓದಿ. ಉತ್ತರಗಳು ಸಾಮಾನ್ಯವಾಗಿ ಎಷ್ಟು ಉದ್ದ ಇವೆ? ಹೊಸಬರು ಬಂದಾಗ ಹಳಬರು ಕತೆಯಲ್ಲಿ ಜಾಗ ಕೊಡುತ್ತಾರಾ? ಪಾತ್ರಗಳು ಜಗಳವಾಡಿದ ಮೇಲೆ ಆಟಗಾರರು ಹೊರಗಿನ ಚಾನೆಲ್‌ನಲ್ಲಿ, ಅಂದರೆ ಕತೆ ಬಿಟ್ಟು ಹರಟಲು ಇರುವ ಚಾಟ್‌ನಲ್ಲಿ, ನಗುತ್ತಾ ಮಾತಾಡುತ್ತಾರಾ? ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕರೆ ಅದು ಆರೋಗ್ಯವಾದ ಗುಂಪು.

ಗುಂಪಿನ ರೀತಿ ನಿಮಗೆ ಹಿಡಿಸದಿದ್ದರೆ ಸೇರಿ ಬದಲಾಯಿಸುತ್ತೇನೆ ಎಂದು ಹೋಗಬೇಡಿ. ಬೇರೆ ಗುಂಪು ಹುಡುಕಿ. ಅದರಲ್ಲಿ ಯಾರಿಗೂ ಅವಮಾನ ಇಲ್ಲ.

ಹಂತ 4: ನಿಮ್ಮ ಬಗ್ಗೆ ನಾಲ್ಕು ಸಾಲು ಬರೆದಿಡಿ

ಪಾತ್ರದ ಪರಿಚಯ ಎಲ್ಲರೂ ಬರೆಯುತ್ತಾರೆ. ಕಣ್ಣಿನ ಬಣ್ಣದಿಂದ ಹಿಡಿದು ಕತ್ತಿಯ ಹೆಸರಿನ ತನಕ ಎಲ್ಲ ಇರುತ್ತದೆ. ಆಡುವವರ ಪರಿಚಯ ಬರೆಯುವವರು ಕಡಿಮೆ. ಜೊತೆಗೆ ಆಡುವವರಿಗೆ ಬೇಕಾಗಿರುವುದು ಎರಡನೆಯದು. ಉದಾಹರಣೆಗೆ ಹೀಗೆ ಬರೆಯಬಹುದು:

'ಒಂದೆರಡು ಪ್ಯಾರಾ ಬರೆಯುತ್ತೇನೆ, ಕೆಲವು ಸಲ ಜಾಸ್ತಿ. ನೀವೂ ಅಷ್ಟೇ ಬರೆಯಬೇಕು ಎಂದೇನಿಲ್ಲ. ವಾರದ ದಿನ ನಿಧಾನ, ಶನಿವಾರ ಭಾನುವಾರ ಬೇಗ ಉತ್ತರಿಸುತ್ತೇನೆ. ನನ್ನ ಪಾತ್ರ ಸೋತರೆ, ಗಾಯವಾದರೆ ಪರವಾಗಿಲ್ಲ. ಸಾಯಿಸುವ ಮುಂಚೆ ಕೇಳಿ. ಪ್ರಾಣಿಗಳಿಗೆ ಹಿಂಸೆ ಆಗುವ ದೃಶ್ಯ ನನಗೆ ಬೇಡ.'

ಇಷ್ಟು ಸಾಕು. ಇದರಲ್ಲಿ ಯಾರನ್ನೂ ಕೀಳಾಗಿ ನೋಡಿಲ್ಲ ಎಂಬುದನ್ನು ಗಮನಿಸಿ. 'ಒಂದು ಸಾಲು ಬರೆಯುವವರು ದಯವಿಟ್ಟು ದೂರ ಇರಿ' ಎಂದು ಬರೆಯುವವರೂ ಇದ್ದಾರೆ. ಬೇಕಾಗಿದ್ದನ್ನು ಹೇಳಲು ಬೇಡದವರನ್ನು ಬಯ್ಯಬೇಕಿಲ್ಲ. 'ಉದ್ದ ಉತ್ತರಗಳಿರುವ ದೃಶ್ಯ ಹುಡುಕುತ್ತಿದ್ದೇನೆ' ಎಂದರೆ ಅದೇ ಕೆಲಸ ಆಗುತ್ತದೆ.

ಹಂತ 5: ದೃಶ್ಯ ಶುರು ಮಾಡುವ ಮುಂಚೆ ಮಾತಾಡಿ

ಟೇಬಲ್ ಸುತ್ತ ಕೂತು ಆಡುವವರಲ್ಲಿ 'ಸೆಷನ್ ಝೀರೋ' ಎಂಬ ಒಳ್ಳೆಯ ರೂಢಿ ಇದೆ. ಮೊದಲ ಆಟಕ್ಕೂ ಮುಂಚೆ ಎಲ್ಲರೂ ಸೇರಿ ಆಟದ ಬಗ್ಗೆಯೇ ಮಾತಾಡುತ್ತಾರೆ. ಆನ್‌ಲೈನ್‌ನಲ್ಲಿ ಇದು ಇನ್ನೂ ಜಾಸ್ತಿ ಬೇಕು. ಮುಖ ಕಾಣುವುದಿಲ್ಲ, ಎದುರಿನವರು ಹುಬ್ಬು ಗಂಟಿಕ್ಕಿದ್ದು ನಮಗೆ ತಿಳಿಯುವುದಿಲ್ಲ.

ಮಾತು ದೊಡ್ಡದಾಗಬೇಕಿಲ್ಲ. ಕತೆ ಯಾವ ಧಾಟಿಯದು, ಡೈಸ್ ಇದೆಯಾ, ಪಾತ್ರ ಸಾಯಬಹುದಾ, ಒಬ್ಬರು ಎಷ್ಟು ದಿನ ಉತ್ತರಿಸದಿದ್ದರೆ ಮುಂದೆ ಹೋಗಬಹುದು. ಇಷ್ಟು ತೀರ್ಮಾನವಾದರೆ ಸಾಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಬರೆದು ಆಡುವ ಗುಂಪುಗಳಲ್ಲಿ ಅದೇ ಮುಖ್ಯ. 'ನಾಲ್ಕು ದಿನ ಕಾಯುತ್ತೇವೆ, ಆಮೇಲೆ ನಿಮ್ಮ ಪಾತ್ರ ಹಿಂದೆ ಸುಮ್ಮನೆ ನಡೆದು ಬರುತ್ತಿದೆ ಅಂದುಕೊಳ್ಳುತ್ತೇವೆ' ಎಂದು ಮೊದಲೇ ಮಾತಾಗಿದ್ದರೆ ತಡ ಮಾಡಿದವರಿಗೂ ಸಂಕೋಚ ಇಲ್ಲ, ಕಾದವರಿಗೂ ಸಿಟ್ಟು ಇಲ್ಲ.

ಬೇಡದ ವಿಷಯಗಳ ಬಗ್ಗೆ ಮಾತಾಡಲು 'ಗೆರೆ ಮತ್ತು ಪರದೆ' ಎಂಬ ಉಪಾಯ ಇದೆ. ಆಟಗಳನ್ನು ರಚಿಸುವ ರಾನ್ ಎಡ್ವರ್ಡ್ಸ್ ಇದನ್ನು ಬಳಕೆಗೆ ತಂದರು. ಗೆರೆ ಎಂದರೆ ಕತೆಯಲ್ಲಿ ಅದು ಬರುವುದೇ ಇಲ್ಲ. ಪರದೆ ಎಂದರೆ ಕತೆಯಲ್ಲಿ ನಡೆಯುತ್ತದೆ, ಆದರೆ ಯಾರೂ ಅದನ್ನು ಬಿಡಿಸಿ ಬರೆಯುವುದಿಲ್ಲ. ಬಾಗಿಲು ಮುಚ್ಚಿತು, ಬೆಳಗಾಯಿತು, ಅಷ್ಟೇ. ಚಿತ್ರಹಿಂಸೆ ಒಬ್ಬರಿಗೆ ಗೆರೆ, ಇನ್ನೊಬ್ಬರಿಗೆ ಪರದೆ ಆಗಿರಬಹುದು. ಆಗ ಗೆರೆಯೇ ಗೆಲ್ಲಬೇಕು. ಯಾಕೆ ಬೇಡ ಎಂದು ಕೇಳಬಾರದು. ಕಾರಣ ಕೇಳುವುದು ಕುತೂಹಲಕ್ಕೇ ಇರಬಹುದು, ಆದರೆ ಉತ್ತರ ಹೇಳಬೇಕಾದವರಿಗೆ ಅದು ತುಂಬಾ ಭಾರ.

ಆಟದ ನಡುವೆ ಏನಾದರೂ ಎದುರಾದರೆ ಜಾನ್ ಸ್ಟಾವ್ರೊಪೋಲೋಸ್ ರೂಪಿಸಿದ 'ಎಕ್ಸ್ ಕಾರ್ಡ್' ಇದೆ. ಮೇಜಿನ ಮೇಲೆ ಎಕ್ಸ್ ಬರೆದ ಒಂದು ಕಾರ್ಡ್ ಇರುತ್ತದೆ. ಯಾರಾದರೂ ಅದನ್ನು ಮುಟ್ಟಿದರೆ ಆ ಸಂಗತಿಯನ್ನು ಕತೆಯಿಂದ ತೆಗೆದು ಮುಂದೆ ಹೋಗುತ್ತಾರೆ, ವಿವರಣೆ ಕೇಳುವುದಿಲ್ಲ. ಚಾಟ್‌ನಲ್ಲಿ ಆಡುವಾಗ ಹೊರಗಿನ ಚಾನೆಲ್‌ನಲ್ಲಿ ಒಂದು ಎಕ್ಸ್ ಹಾಕಿದರೆ ಅದೇ ಕೆಲಸ ಮಾಡುತ್ತದೆ. ಗುಂಪಿನ ಹಳಬರು ಒಂದೆರಡು ಸಲ ಸಣ್ಣ ವಿಷಯಕ್ಕೇ ಇದನ್ನು ಬಳಸಿ ತೋರಿಸಿದರೆ ಹೊಸಬರಿಗೂ ಧೈರ್ಯ ಬರುತ್ತದೆ.

ಹಂತ 6: ದೃಶ್ಯದ ಒಳಗೆ ಎದುರಿನವರಿಗೆ ಜಾಗ ಬಿಡಿ

ಎಲ್ಲ ಶೈಲಿಯವರೂ ಒಪ್ಪುವ ಒಂದು ಮಾತಿದ್ದರೆ ಅದು ಇದು: ನಿಮ್ಮ ಪಾತ್ರ ಏನು ಮಾಡಲು ಹೊರಟಿತು ಎಂದು ನೀವು ಬರೆಯಿರಿ. ಅದರಿಂದ ಎದುರಿನವರ ಪಾತ್ರಕ್ಕೆ ಏನಾಯಿತು ಎಂದು ಅವರು ಬರೆಯಲಿ.

ಇದನ್ನು ನೋಡಿ: 'ನಾನು ಕತ್ತಿ ಬೀಸಿದೆ. ನಿನ್ನ ಕೈಗೆ ಆಳವಾದ ಗಾಯವಾಯಿತು, ನೀನು ಹೆದರಿ ಹಿಂದೆ ಸರಿದೆ.' ಇಲ್ಲಿ ಎದುರಿನವರಿಗೆ ಏನೂ ಉಳಿದಿಲ್ಲ. ಗಾಯವಾಗಿದ್ದನ್ನೂ ನೀವೇ ಹೇಳಿದಿರಿ, ಹೆದರಿದ್ದನ್ನೂ ನೀವೇ ಹೇಳಿದಿರಿ. ಆಟಗಾರರು ಇದನ್ನೇ ಗಾಡ್‌ಮಾಡಿಂಗ್ ಎನ್ನುವುದು. ಈಗ ಅದನ್ನೇ ತಿದ್ದೋಣ: 'ನಾನು ಕತ್ತಿ ಬೀಸಿದೆ, ನಿನ್ನ ಬಲಗೈಗೆ ಗುರಿಯಿಟ್ಟು. ಆ ಭರದಲ್ಲಿ ನನ್ನ ಎಡ ಮಗ್ಗುಲು ಬಯಲಾಯಿತು.' ಈಗ ಎದುರಿನವರು ತಪ್ಪಿಸಿಕೊಳ್ಳಬಹುದು, ಗಾಯ ಮಾಡಿಕೊಳ್ಳಬಹುದು, ಎಡಗಡೆಯಿಂದ ತಿರುಗಿ ಹೊಡೆಯಬಹುದು, ಡೈಸ್ ಹಾಕೋಣ ಅನ್ನಬಹುದು. ಉದ್ದ ಬರೆಯುವವರಿಗೂ ಇದರಲ್ಲಿ ಹಿಡಿ ಸಿಗುತ್ತದೆ, ಚಿಕ್ಕದಾಗಿ ಬರೆಯುವವರಿಗೂ ಸಿಗುತ್ತದೆ.

ಹೊಡೆದಾಟಕ್ಕೆ ಮಾತ್ರ ಅಲ್ಲ, ಮಾತುಕತೆಗೂ ಇದು ಅನ್ವಯಿಸುತ್ತದೆ. 'ಅವಳ ಸೌಂದರ್ಯ ನೋಡಿ ಎಲ್ಲರೂ ಬೆರಗಾದರು' ಎಂದು ಬರೆದರೆ ನನ್ನ ಪಾತ್ರವೂ ಬೆರಗಾಗಬೇಕಾಯಿತು. ಅವಳು ಹೇಗೆ ನಡೆದು ಬಂದಳು ಎಂದು ಬರೆಯಿರಿ. ಬೆರಗಾಗುವುದು ನನಗಿರಲಿ.

ಇನ್ನು ಉತ್ತರದ ಕೊನೆ. ಅಲ್ಲಿ ಏನಾದರೂ ತೆರೆದಿಟ್ಟು ನಿಲ್ಲಿಸಿ. ಒಂದು ಪ್ರಶ್ನೆ ಇರಬಹುದು, ಚಾಚಿದ ಕೈ ಇರಬಹುದು, ಹೊರಗೆ ಕೇಳಿದ ಸದ್ದು ಇರಬಹುದು. 'ಅವನು ತಲೆಯಾಡಿಸಿ ಸುಮ್ಮನಾದ' ಎಂದು ಮುಗಿಸಿದರೆ ಮುಂದಿನವರು ಶೂನ್ಯದಿಂದ ಶುರು ಮಾಡಬೇಕು. ಚಿಕ್ಕದಾಗಿ ಬರೆಯುವವರ ಬಗ್ಗೆ ಇರುವ ದೂರುಗಳಲ್ಲಿ ಹೆಚ್ಚಿನವು ನಿಜವಾಗಿ ಇದರ ಬಗ್ಗೆ. ಉದ್ದ ಕಡಿಮೆ ಆಗಿದ್ದಲ್ಲ ತೊಂದರೆ, ಹಿಡಿಯಲು ಏನೂ ಇಲ್ಲದ್ದು ತೊಂದರೆ.

ಉದ್ದದ ವಿಷಯದಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಬಹುದು. ಮಾತುಕತೆ ಬಿರುಸಾಗಿ ನಡೆಯುವಾಗ ಉದ್ದ ಬರೆಯುವವರು ಚಿಕ್ಕದಾಗಿ ಬರೆಯಲಿ. ಹೊಸ ಜಾಗಕ್ಕೆ ಬಂದಾಗ ಚಿಕ್ಕದಾಗಿ ಬರೆಯುವವರು ಎರಡು ಸಾಲು ಜಾಸ್ತಿ ಹಾಕಲಿ. ಆದರೆ ಅಳತೆಪಟ್ಟಿ ಹಿಡಿದು ಕೂರಬೇಡಿ. ಕೆಲವರು ಫೋನ್‌ನಲ್ಲಿ ಟೈಪ್ ಮಾಡುತ್ತಿರುತ್ತಾರೆ. ಕೆಲವರಿಗೆ ಗುಂಪಿನ ಭಾಷೆ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಕೆಲವರಿಗೆ ಜಾಸ್ತಿ ಹೊತ್ತು ಟೈಪ್ ಮಾಡಿದರೆ ಕೈ ನೋಯುತ್ತದೆ, ಓದಲು ಕಷ್ಟವಾಗುತ್ತದೆ. ಇವನ್ನೆಲ್ಲ ಅವರು ನಮಗೆ ವಿವರಿಸಬೇಕಾಗಿಲ್ಲ. ಕೇಳದೆ ವ್ಯಾಕರಣ ತಿದ್ದುವುದನ್ನಂತೂ ಬಿಟ್ಟುಬಿಡಿ.

ನಿಮಗೆ ಗೊತ್ತಿರುವುದೆಲ್ಲ ನಿಮ್ಮ ಪಾತ್ರಕ್ಕೆ ಗೊತ್ತಿರುವುದಿಲ್ಲ ಎಂಬುದೂ ನೆನಪಿರಲಿ. ಬೇರೆ ದೃಶ್ಯ ಓದಿ ರಾಜನಿಗೆ ವಿಷ ಹಾಕಿದವರು ಯಾರು ಎಂದು ನೀವು ತಿಳಿದಿರಬಹುದು. ನಿಮ್ಮ ಪಾತ್ರ ಅದನ್ನು ಕತೆಯೊಳಗೇ ಕಂಡುಹಿಡಿಯಬೇಕು. ಹೊರಗೆ ತಿಳಿದದ್ದನ್ನು ಪಾತ್ರದ ಕೈಯಲ್ಲಿ ಬಳಸಿದರೆ, ಅಂದರೆ ಮೆಟಾಗೇಮಿಂಗ್ ಮಾಡಿದರೆ, ತಿಂಗಳುಗಟ್ಟಲೆ ಒಂದು ರಹಸ್ಯ ಕಟ್ಟಿದವರ ಶ್ರಮ ಒಂದೇ ಸಾಲಿನಲ್ಲಿ ಹೋಗುತ್ತದೆ.

ಹಂತ 7: ತಿಕ್ಕಾಟ ಬಂದಾಗ ಪಾತ್ರದ ಹೊರಗೆ ಬಂದು ಮಾತಾಡಿ

ಪಾತ್ರವಾಗಿ ಆಡುವ ಮಾತು ಐಸಿ, ಆಡುವವರಾಗಿ ಆಡುವ ಮಾತು ಓಓಸಿ. ಆಡುವವರ ಮೇಲಿನ ಸಿಟ್ಟನ್ನು ಅವರ ಪಾತ್ರದ ಮೇಲೆ ತೀರಿಸಬೇಡಿ. ಯಾರೋ ಸತತವಾಗಿ ನಿಮ್ಮ ದೃಶ್ಯಕ್ಕೆ ನುಗ್ಗುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಅವರ ಪಾತ್ರವನ್ನು ಎಲ್ಲರೂ ಸೇರಿ ಕಡೆಗಣಿಸಿದರೆ, ಬಾವಿಗೆ ತಳ್ಳಿದರೆ, ಅವರಿಗೆ ಪಾಠ ಸಿಗುವುದಿಲ್ಲ. ನೋವು ಮಾತ್ರ ಸಿಗುತ್ತದೆ, ಅದೂ ಯಾಕೆ ಎಂದು ಗೊತ್ತಿಲ್ಲದೆ.

ಖಾಸಗಿಯಾಗಿ ಒಂದು ಸಂದೇಶ ಕಳಿಸಿ. ಅದರಲ್ಲಿ ಮೂರು ವಿಷಯ ಇದ್ದರೆ ಚೆನ್ನ: ಯಾವ ಜಾಗದಲ್ಲಿ ಏನಾಯಿತು, ನಿಮಗೆ ಹೇಗನ್ನಿಸಿತು, ಮುಂದೆ ಏನು ಮಾಡಬಹುದು. ಹೀಗೆ:

'ನಿನ್ನೆ ಕೋಟೆ ಬಾಗಿಲಿನ ದೃಶ್ಯದಲ್ಲಿ ನಾನು ಕಾವಲುಗಾರನ ಜೊತೆ ಮಾತು ಶುರು ಮಾಡಿದ್ದೆ. ನೀವು ಅವನನ್ನು ತಳ್ಳಿ ಒಳಗೆ ಹೋದಾಗ ಆ ಮಾತು ಅರ್ಧಕ್ಕೇ ನಿಂತಿತು, ನನಗೆ ಸ್ವಲ್ಪ ಬೇಜಾರಾಯಿತು. ನಿಮಗೆ ಕತೆ ಬೇಗ ಮುಂದೆ ಹೋಗಬೇಕು ಎಂದು ನನಗೆ ಅರ್ಥವಾಗುತ್ತದೆ. ಮುಂದಿನ ಸಲ ಇಂಥ ಜಾಗದಲ್ಲಿ ನನಗೆ ಒಂದೆರಡು ಉತ್ತರದಷ್ಟು ಹೊತ್ತು ಕೊಡುತ್ತೀರಾ? ಆಮೇಲೆ ಬಾಗಿಲು ಮುರಿಯೋಣ, ಒಟ್ಟಿಗೆ.'

'ನೀವು ಯಾವಾಗಲೂ ಹೀಗೇ' ಎಂಬ ಮಾತು ಇದರಲ್ಲಿಲ್ಲ. 'ಎಲ್ಲರೂ ಹೇಳುತ್ತಿದ್ದಾರೆ' ಎಂಬುದೂ ಇಲ್ಲ. ಆ ಎರಡು ಮಾತು ಬಂದ ಕೂಡಲೇ ಎದುರಿನವರು ಕೇಳಿಸಿಕೊಳ್ಳುವುದನ್ನು ಬಿಟ್ಟು ತಮ್ಮನ್ನು ಕಾಪಾಡಿಕೊಳ್ಳಲು ಶುರು ಮಾಡುತ್ತಾರೆ.

ಇಂಥ ಸಂದೇಶ ನಿಮಗೇ ಬಂದರೆ ಕೂಡಲೇ ಉತ್ತರಿಸಬೇಡಿ. 'ಓದಿದೆ, ಸಂಜೆ ಯೋಚಿಸಿ ಹೇಳುತ್ತೇನೆ' ಎಂದರೆ ಸಾಕು. ಅವರು ನಿಮ್ಮ ಜೊತೆ ಆಡುವುದನ್ನು ಬಿಡದೆ ಹೇಳುವ ಕಷ್ಟ ತೆಗೆದುಕೊಂಡಿದ್ದಾರೆ. ಅದು ನಿಮ್ಮ ಮೇಲಿನ ನಂಬಿಕೆ.

ಪಾತ್ರದ ಭಾವನೆ ಆಡುವವರಿಗೆ ದಾಟುವುದೂ ಉಂಟು. ಇದಕ್ಕೆ ಬ್ಲೀಡ್ ಎನ್ನುತ್ತಾರೆ. ನಿಮ್ಮ ಪಾತ್ರಕ್ಕೆ ದ್ರೋಹವಾದಾಗ ನಿಮಗೂ ಎರಡು ದಿನ ಮನಸ್ಸು ಕೆಡಬಹುದು. ಅದು ದೌರ್ಬಲ್ಯವಲ್ಲ. ಮನಸ್ಸಿಟ್ಟು ಆಡಿದವರಿಗೆ ಆಗುವಂಥದ್ದು. ಭಾರವಾದ ದೃಶ್ಯ ಮುಗಿದ ಮೇಲೆ ಓಓಸಿಯಲ್ಲಿ 'ಆರಾಮಾ? ಆ ಜಾಗ ತುಂಬಾ ಚೆನ್ನಾಗಿ ಬಂತು' ಎಂದು ಒಂದು ಮಾತು ಹಾಕಿ. ವಿಲನ್ ಪಾತ್ರ ಮಾಡುವವರಂತೂ ಇದನ್ನು ಮರೆಯಲೇಬಾರದು. ಅವರಿಗೂ ಯಾರಾದರೂ ಈ ಮಾತು ಹೇಳಬೇಕು.

ಹಂತ 8: ಶೈಲಿ ಅಲ್ಲದ್ದನ್ನು ಶೈಲಿ ಎಂದು ಒಪ್ಪಬೇಡಿ

ಗೌರವ ಎಂದರೆ ಎಲ್ಲವನ್ನೂ ಸಹಿಸುವುದಲ್ಲ. 1993ರಲ್ಲಿ ಲ್ಯಾಂಬ್ಡಾಮೂ ಎಂಬ ಅಕ್ಷರಗಳ ಲೋಕದಲ್ಲಿ ಒಬ್ಬ ಬಳಕೆದಾರ ಒಂದು ಸಣ್ಣ ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳೇ ಹೊಲಸು ಕೃತ್ಯಗಳನ್ನು ಮಾಡಿದಂತೆ ಎಲ್ಲರೆದುರು ಬರೆಸಿದ. ನಡೆದದ್ದು ಬರೀ ಅಕ್ಷರಗಳಲ್ಲಿ, ಆದರೆ ಆ ಪಾತ್ರಗಳ ಹಿಂದಿದ್ದವರು ಅನುಭವಿಸಿದ ನೋವು ನಿಜವಾದದ್ದು. ಕೊನೆಗೆ ಅವನ ಖಾತೆ ತೆಗೆದುಹಾಕಲಾಯಿತು. ಆ ಸಮುದಾಯ ಮುಂದೆ ಮತ ಹಾಕಿ ತೀರ್ಮಾನ ಮಾಡುವ ವ್ಯವಸ್ಥೆಯನ್ನೂ ಕಟ್ಟಿಕೊಂಡಿತು.

ಗೆರೆ ಎಲ್ಲಿದೆ ಎಂದು ಅದರಿಂದ ಸ್ಪಷ್ಟವಾಗುತ್ತದೆ. ಒಪ್ಪಿಗೆ ಇಲ್ಲದೆ ಬೇರೆಯವರ ಪಾತ್ರವನ್ನು ನಡೆಸುವುದು, ಬೇಡ ಎಂದ ವಿಷಯವನ್ನು ಮತ್ತೆ ಮತ್ತೆ ತರುವುದು, ದೃಶ್ಯ ಬಿಟ್ಟು ಹೋದವರ ಹಿಂದೆ ಖಾಸಗಿ ಸಂದೇಶಗಳಲ್ಲಿ ಬೀಳುವುದು ಯಾವ ಶೈಲಿಯೂ ಅಲ್ಲ. 'ನನ್ನ ಪಾತ್ರ ಇರೋದೇ ಹಾಗೆ' ಎಂಬುದು ಉತ್ತರವಲ್ಲ. ಪಾತ್ರ ಹಾಗಿರಲಿ ಎಂದು ತೀರ್ಮಾನಿಸಿದವರು ನೀವೇ, ಅಲ್ವಾ? ದೊಡ್ಡವರು ಮತ್ತು ಹದಿನೆಂಟು ತುಂಬದವರು ಸೇರಿರುವ ಗುಂಪಿನಲ್ಲಿ ಅವರಿಬ್ಬರ ನಡುವೆ ಪ್ರಣಯದ ದೃಶ್ಯ ಬೇಡವೇ ಬೇಡ. ಇಲ್ಲಿ ಖಾಸಗಿ ಸಂದೇಶ, ಮೆತ್ತನೆ ಮಾತು ಯಾವುದೂ ಬೇಕಿಲ್ಲ. ಸ್ಕ್ರೀನ್‌ಶಾಟ್ ತೆಗೆದು ನೇರವಾಗಿ ಗುಂಪನ್ನು ನೋಡಿಕೊಳ್ಳುವ ಮಾಡರೇಟರ್‌ಗೆ ಕೊಡಿ.

ಹಂತ 9: ಗುಂಪು ನಡೆಸುವವರು ಮಾಡಬಹುದಾದದ್ದು

ನಿಮ್ಮ ಕೈಯಲ್ಲಿ ಸರ್ವರ್ ಇದ್ದರೆ ಜವಾಬ್ದಾರಿ ಜಾಸ್ತಿ. ಬೇರೆ ಬೇರೆ ರುಚಿಯವರಿಗೆ ಬೇರೆ ಬೇರೆ ಜಾಗ ಕೊಡುವುದು ಹಳೆಯ ಉಪಾಯ. 2004ರಲ್ಲಿ ಶುರುವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ರೋಲ್‌ಪ್ಲೇ ಮಾಡುವವರಿಗೆಂದೇ ಬೇರೆ ಸರ್ವರ್‌ಗಳಿದ್ದವು. ನಿಮ್ಮ ಚಿಕ್ಕ ಗುಂಪಿನಲ್ಲಿ ಇದನ್ನು ಚಾನೆಲ್‌ಗಳಿಂದ ಮಾಡಬಹುದು: ಪಟಪಟ ಆಡುವ ಒಂದು ಚಾನೆಲ್, ನಿಧಾನವಾಗಿ ಉದ್ದ ಬರೆಯುವ ಒಂದು, ಡೈಸ್ ಇರುವ ಒಂದು. ದೃಶ್ಯ ಶುರುವಾಗುವಾಗ ಮೇಲೆ ಒಂದು ಚಿಕ್ಕ ಗುರುತು ಹಾಕಿ: 'ನಿಧಾನ, ಡೈಸ್ ಇಲ್ಲ, ಯಾರು ಬೇಕಾದರೂ ಸೇರಬಹುದು.'

ಚಾನೆಲ್‌ಗಳ ನಡುವೆ ಮೇಲು ಕೀಳು ಬರದಂತೆ ನೋಡಿಕೊಳ್ಳಿ. ಉದ್ದ ಬರೆಯುವ ಚಾನೆಲ್‌ಗೆ 'ಗಂಭೀರ ರೋಲ್‌ಪ್ಲೇ' ಎಂದು ಹೆಸರಿಟ್ಟರೆ ಉಳಿದವರೆಲ್ಲ ತಾನಾಗಿ ಕೆಳಗಾದರು. ಮಾಡರೇಟರ್‌ಗಳು ಎಲ್ಲ ಚಾನೆಲ್‌ಗಳಲ್ಲೂ ಆಗಾಗ ಆಡಬೇಕು.

ದೂರು ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನಿಯಮ ಮುರಿದಿದೆಯಾ, ಅಥವಾ ಇಬ್ಬರ ರುಚಿ ಕೂಡಿ ಬಂದಿಲ್ಲವಾ? ಮೊದಲನೆಯದಾದರೆ ಕ್ರಮ ತೆಗೆದುಕೊಳ್ಳಿ. ಎರಡನೆಯದಾದರೆ ಇಬ್ಬರನ್ನೂ ಮಾತಿಗೆ ಕೂರಿಸಿ, ಇಲ್ಲವೇ ಬೇರೆ ದೃಶ್ಯ ತೋರಿಸಿ. ಒಬ್ಬರ ಬೇಜಾರಿಗೆ ಎಲ್ಲರಿಗೂ ಹೊಸ ನಿಯಮ ಮಾಡುತ್ತಾ ಹೋದರೆ ನಿಯಮದ ಪುಟ ಉದ್ದವಾಗುತ್ತದೆ, ಆಡುವವರು ಕಡಿಮೆಯಾಗುತ್ತಾರೆ.

ಹಂತ 10: ಹೊಂದದಿದ್ದರೆ ಚೆನ್ನಾಗಿ ಬೇರೆಯಾಗಿ

ಎಷ್ಟು ಮಾತಾಡಿದರೂ ಕೆಲವರ ಜೊತೆ ಆಟ ಕೂಡಿ ಬರುವುದಿಲ್ಲ. ಇಬ್ಬರೂ ಒಳ್ಳೆಯ ಆಟಗಾರರೇ ಇರುತ್ತೀರಿ. ಆಗ ಹೇಳದೆ ಕೇಳದೆ ಮಾಯವಾಗಬೇಡಿ. ಕಾಯುತ್ತಾ ಕೂರುವವರು ತಮ್ಮಲ್ಲೇ ತಪ್ಪು ಹುಡುಕುತ್ತಾರೆ. 'ನಿಮ್ಮ ಜೊತೆ ಬರೆದದ್ದು ಖುಷಿಯಾಯಿತು. ನನಗೆ ಈಗ ನಿಧಾನದ ಕತೆ ಬೇಕಾಗಿದೆ, ಅದಕ್ಕೆ ಈ ದೃಶ್ಯದಿಂದ ಹೊರಗೆ ಬರುತ್ತಿದ್ದೇನೆ' ಎಂದು ಬರೆಯಲು ಹೆಚ್ಚು ಹೊತ್ತು ಬೇಡ.

ನಿಮ್ಮ ಪಾತ್ರಕ್ಕೂ ಒಂದು ದಾರಿ ಮಾಡಿ. ಅದು ದೂರದ ಊರಿಗೆ ಹೋಗಲಿ, ಪತ್ರ ಬಂದು ಕರೆಸಿಕೊಳ್ಳಲಿ. ಸಾಯಿಸುವುದಾದರೆ ಮೊದಲು ಜೊತೆಗಾರರನ್ನು ಕೇಳಿ, ಅವರ ಪಾತ್ರಗಳಿಗೆ ಆ ಸಾವು ಏನು ಮಾಡುತ್ತದೋ ಅವರಿಗೇ ಗೊತ್ತು. ನಿಮ್ಮ ಪಾತ್ರದ ಬಳಿ ಕತೆಗೆ ಬೇಕಾದ ಬೀಗದ ಕೈಯೋ ನಕ್ಷೆಯೋ ರಹಸ್ಯವೋ ಇದ್ದರೆ ಹೋಗುವ ಮುಂಚೆ ಬೇರೆ ಪಾತ್ರಕ್ಕೆ ಕೊಟ್ಟುಹೋಗಿ. ನೀವಿಲ್ಲದಾಗ ಆ ಪಾತ್ರವನ್ನು ಬೇರೆಯವರು ನಡೆಸಬಹುದಾ, ಬೇಡವಾ ಎಂದೂ ಓಓಸಿ ಚಾನೆಲ್‌ನಲ್ಲಿ ಬರೆದಿಡಿ.